ಶಾಲು, ಹಾರ, ತುರಾಯಿ... ಆಮೇಲೆ?

ದೊಡ್ಡವರಿಗೆ ಅಕ್ಷರ ಕಲಿಸಿದವರ ಕಥೆ, ಅವರಿಗೆ ಸಂದ ಸನ್ಮಾನದ ಕಥೆ

1983ರಲ್ಲಿ ಬಂದ 'ಕವಿರತ್ನ ಕಾಳಿದಾಸ' ನೋಡದ ಚಿತ್ರರಸಿಕರು ಯಾರಿದ್ದಾರೆ ಹೇಳಿ? ಕುರಿ ಕಾಯುವ ಹುಡುಗ. ಅಕ್ಷರದ ಗಂಧವಿಲ್ಲ. ಕಾಳಿಯ ಗುಡಿಗೆ ಹೋಗುತ್ತಾನೆ, ದೇವಿ ಒಲಿಯುತ್ತಾಳೆ, ಅಷ್ಟೇ! ಅಲ್ಲಿವರೆಗೆ ತೊದಲುತ್ತಿದ್ದ ಬಾಯಲ್ಲಿ ಕಾವ್ಯ ಹೊಳೆಯಾಗಿ ಹರಿಯುತ್ತೆ. ಅಣ್ಣಾವ್ರ ಆ ಅಭಿನಯಕ್ಕೆ ಥಿಯೇಟರಿನಲ್ಲಿ ಬಿದ್ದ ಶಿಳ್ಳೆಗೆ ಲೆಕ್ಕವಿಲ್ಲ.

ಸಿನಿಮಾದಲ್ಲಿ ಸರಿ. ಆದರೆ ಥಿಯೇಟರಿನಿಂದ ಹೊರಗೆ ಬಂದ ಮೇಲೆ?

ಹೊರಗೆ ಕಾಳಿ ಒಲಿಯೋದಿಲ್ಲ. ಪೋಸ್ಟರ್ ಮುಂದೆ ನಿಂತವರಲ್ಲಿ ಎಷ್ಟೋ ಮಂದಿ ಹೀರೋನ ಮುಖ ನೋಡಿ ಚಿತ್ರ ಯಾವುದು ಅಂತ ಹೇಳ್ತಾರೆಯೇ ಹೊರತು ಅದರ ಮೇಲಿನ ಹೆಸರು ಓದಿ ಅಲ್ಲ. ಟೈಟಲ್ ಕಾರ್ಡ್ ಓಡುವಾಗ ಪಕ್ಕದವರನ್ನು 'ಏನಂತಪ್ಪ ಬರ್ದಿರೋದು?' ಅಂತ ಕೇಳುವವರು ಇದ್ದಾರೆ. ಇದೇ ಪತ್ರಿಕೆ ಮಾರುವ ಬಸ್ ಸ್ಟ್ಯಾಂಡಿನಲ್ಲಿ 'ಈ ಬಸ್ಸು ಎಲ್ಲಿಗೆ ಹೋಗುತ್ತಣ್ಣ?' ಅಂತ ಕೇಳಿ ಕೇಳಿ ಹತ್ತುವ ಅಜ್ಜಿಯಂದಿರನ್ನು ನೀವೂ ನೋಡಿದ್ದೀರಿ. ಬೋರ್ಡು ಕಣ್ಣೆದುರಿಗೇ ಇರುತ್ತೆ. ಓದೋಕೆ ಬರಲ್ಲ, ಅಷ್ಟೇ.

ಇಂಥವರ ಪಕ್ಕ ಕೂತು, ಮೂವತ್ತು ದಾಟಿದವರ, ಅರವತ್ತು ದಾಟಿದವರ ಕೈ ಹಿಡಿದು 'ಅ' ಬರೆಸಿದವರು ನಮ್ಮ ದೇಶದಲ್ಲಿ ಆಗಿಹೋಗಿದ್ದಾರೆ. ಅವರಿಗೂ ಸನ್ಮಾನಗಳಾಗಿವೆ. ನಮ್ಮ ಚಿತ್ರರಂಗಕ್ಕೆ ಸನ್ಮಾನ ಅಂದ್ರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಮೈಸೂರು ಪೇಟ, ಗಂಧದ ಹಾರ, ಶಾಲು, ಫಲತಾಂಬೂಲ, ಒಂದು ಫಲಕ, ನಾಲ್ಕು ಫೋಟೋ. ಮರುದಿನ ಫೋಟೋ ಪೇಪರಿನಲ್ಲಿ, ಶಾಲು ಬೀರುವಿನಲ್ಲಿ.

ವಯಸ್ಕರ ಶಿಕ್ಷಣಕ್ಕೆ ದುಡಿದವರಿಗೆ ಸಂದ ಕೆಲವು ಸನ್ಮಾನಗಳು ಮಾತ್ರ ಬೀರುವಿಗೆ ಹೋಗಲಿಲ್ಲ. ಅವು ಎಲ್ಲಿಗೆ ಹೋದವು? ಅದನ್ನು ಹೇಳೋದಕ್ಕೇ ಈ ಲೇಖನ.

ಒಪೆರಾ ಬಿಟ್ಟು ಬಂದ ಅಜ್ಜಿ

ಮೊದಲನೆಯ ಕಥೆಯ ನಾಯಕಿ ಹುಟ್ಟಿದ್ದು ಅಮೆರಿಕದಲ್ಲಿ, 1879ರಲ್ಲಿ. ಹೆಸರು ವೆಲ್ದಿ ಹಾನ್‌ಸಿಂಗರ್. ವಯಸ್ಸಿನಲ್ಲಿ ಆಕೆಗಿದ್ದ ಕನಸು ಒಂದೇ: ಒಪೆರಾ ಗಾಯಕಿಯಾಗಬೇಕು. ನಮ್ಮಲ್ಲಿ ಕಂಪನಿ ನಾಟಕ ಇದ್ದ ಹಾಗೆ ಅಲ್ಲಿ ಒಪೆರಾ. ಹಾಡುತ್ತಲೇ ಅಭಿನಯ, ಝಗಮಗ ರಂಗಸಜ್ಜಿಕೆ, ಸಾವಿರಾರು ಪ್ರೇಕ್ಷಕರ ಕರತಾಡನ. ಕಂಠವಿತ್ತು, ರೂಪವಿತ್ತು. ಆದರೆ ದೂರದೇಶದ ಸೇವೆಯ ಬಗ್ಗೆ ಒಂದು ಭಾಷಣ ಕೇಳಿದ್ದೇ ಕೇಳಿದ್ದು, ರಂಗದ ಆಸೆಗೆ ನಮಸ್ಕಾರ ಹಾಕಿ 1906ರಲ್ಲಿ ಚೀನಾಕ್ಕೆ ಹಡಗು ಹತ್ತಿಬಿಟ್ಟರು. ಅಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಆದರು. 1924ರಲ್ಲಿ, ಭಾರತದಲ್ಲಿ ಕೆಲಸ ಮಾಡುತ್ತಿದ್ದ ಬಿಷಪ್ ಫ್ರೆಡರಿಕ್ ಫಿಶರ್ ಅವರನ್ನು ಮದುವೆಯಾದರು. 1938ರಲ್ಲಿ ಗಂಡ ತೀರಿಕೊಂಡರು.

ಇಲ್ಲಿಗೆ ಕಥೆ ಮುಗಿಯಬೇಕಿತ್ತು ಅಲ್ವೇ? ಇಂಟರ್ವಲ್ ಆದದ್ದು ಆಮೇಲೆ! ಗಾಂಧೀಜಿ ತೀರಿಕೊಳ್ಳುವುದಕ್ಕೆ ಕೆಲವೇ ವಾರಗಳ ಮುಂಚೆ ಈಕೆ ಅವರನ್ನು ಭೇಟಿ ಮಾಡಿದರು. ಭಾರತಕ್ಕೆ ಕೆಲಸ ಮಾಡಬೇಕೆಂದಿದ್ದರೆ ಹಳ್ಳಿಗಳಿಗೆ ಹೋಗಿ ಅಂತ ಗಾಂಧೀಜಿ ಹೇಳಿದ ಮಾತು ಆಕೆಯ ಮನಸ್ಸಲ್ಲಿ ಕೂತುಬಿಟ್ಟಿತು. 1953ರಲ್ಲಿ ಅಲಹಾಬಾದಿನಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವವರನ್ನು ತರಬೇತು ಮಾಡುವ ಸಂಸ್ಥೆ ತೆರೆದರು. ಆಗ ಆಕೆಯ ವಯಸ್ಸು 73! ನಮ್ಮಲ್ಲಿ ಆ ವಯಸ್ಸಿಗೆ 'ರಾಮಾ ಕೃಷ್ಣಾ' ಅನ್ನಿ ಅಂತಾರೆ.

1956ರಲ್ಲಿ ಸಂಸ್ಥೆ ಲಕ್ನೋಗೆ ಬಂತು. ಅದೇ 'ಲಿಟರೆಸಿ ಹೌಸ್', ಹಿಂದಿಯಲ್ಲಿ 'ಸಾಕ್ಷರತಾ ನಿಕೇತನ'. ಕಟ್ಟಡದ ವಿನ್ಯಾಸ ಮಾಡಿದವರು ಲಾರಿ ಬೇಕರ್. ಕಡಿಮೆ ಖರ್ಚಿನ ಮನೆಗಳಿಗೆ ಮುಂದೆ ಕೇರಳದಲ್ಲಿ ಮನೆಮಾತಾದವರು ಅವರೇ.

ಒಪೆರಾ ಬಿಟ್ಟರೂ ರಂಗ ಆಕೆಯನ್ನು ಬಿಡಲಿಲ್ಲ ನೋಡಿ. ಲಿಟರೆಸಿ ಹೌಸಿನ ದೊಡ್ಡ ಆಯುಧವೇ ಬೊಂಬೆಯಾಟ. ಹಗಲೆಲ್ಲ ಗದ್ದೆಯಲ್ಲಿ ಮೈಮುರಿದು ದುಡಿದವನನ್ನು ರಾತ್ರಿ 'ಬಾ, ಪಾಠ ಓದು' ಅಂದರೆ ಬರುತ್ತಾನೆಯೇ? 'ಬಾ, ಬೊಂಬೆಯಾಟ ಇದೆ' ಅಂದರೆ ಹೆಂಡತಿ ಮಕ್ಕಳನ್ನೂ ಕರ್ಕೊಂಡು ಬರುತ್ತಾನೆ. ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಮೋಸ ಹೋಗುವ ಕಥೆ, ಕಾಯಿಲೆಯ ಕಥೆ, ಬೇಸಾಯದ ಕಥೆ ಎಲ್ಲವನ್ನೂ ಬೊಂಬೆಗಳ ಬಾಯಲ್ಲಿ ಹೇಳಿಸಬಹುದು. ನಕ್ಕು ಹಗುರಾದ ಮನಸ್ಸಿಗೆ ಸ್ಲೇಟು ಭಾರ ಅನ್ನಿಸೋದಿಲ್ಲ. ಮನರಂಜನೆಯ ಶಕ್ತಿ ಏನು ಅಂತ ಗೊತ್ತಿದ್ದ ಹೆಂಗಸು ಆಕೆ.

1964ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಭಾರತೀಯ ವಯಸ್ಕರ ಶಿಕ್ಷಣ ಸಂಘದವರು ನೆಹರೂ ಸಾಕ್ಷರತಾ ಪ್ರಶಸ್ತಿ ಸ್ಥಾಪಿಸಿದಾಗ ಅದರ ಮೊದಲ ಹಾರವೂ ಈಕೆಯ ಕೊರಳಿಗೇ. 1980ರಲ್ಲಿ ನಮ್ಮ ಅಂಚೆ ಇಲಾಖೆ ಆಕೆಯ ಚಿತ್ರವಿರುವ ಸ್ಟಾಂಪು ತಂದಿತು. ಬದುಕಿರುವವರಿಗೆ ಸಿಗೋದು ಅಪರೂಪದ ಗೌರವ ಅದು. ಅದೇ ವರ್ಷದ ಡಿಸೆಂಬರಿನಲ್ಲಿ, 101ನೇ ವಯಸ್ಸಿನಲ್ಲಿ, ವೆಲ್ದಿ ಫಿಶರ್ ಕಣ್ಣು ಮುಚ್ಚಿದರು.

ಸ್ಟಾಂಪು ಅಂದ್ರೆ ಕಾಗದಕ್ಕೆ ಅಂಟಿಸೋದು. ಕಾಗದ ಅಂದ್ರೆ ಬರೆಯಬಲ್ಲವರು ಬರೆಯೋದು, ಓದಬಲ್ಲವರು ಓದೋದು. ಅಕ್ಷರ ಕಲಿಸಿದವಳಿಗೆ ಇದಕ್ಕಿಂತ ಒಪ್ಪುವ ಸನ್ಮಾನ ಏನಿದೆ ಹೇಳಿ!

ಗಾಲಿಕುರ್ಚಿಯ ಮೇಲಿನ ನಾಯಕಿ

ಎರಡನೆಯ ಕಥೆಗೆ ಉತ್ತರದಿಂದ ದಕ್ಷಿಣಕ್ಕೆ, ನಮ್ಮ ಪಕ್ಕದ ಕೇರಳಕ್ಕೆ ಬರಬೇಕು. ಮಲಪ್ಪುರಂ ಜಿಲ್ಲೆಯ ತಿರೂರಂಗಾಡಿ ಹತ್ತಿರ ವೆಳ್ಳಿಲಕ್ಕಾಡು ಅಂತ ಒಂದು ಊರು. ಅಲ್ಲಿ 1966ರಲ್ಲಿ ಬಡವರ ಮನೆಯಲ್ಲಿ ಹುಟ್ಟಿದ ಹುಡುಗಿ ಕೆ.ವಿ. ರಾಬಿಯಾ. ಓದಿನಲ್ಲಿ ಚುರುಕು. ಆದರೆ ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿಗೆ ಪೋಲಿಯೋ ಅನ್ನೋ ಮಾರಿ ಎರಡೂ ಕಾಲುಗಳನ್ನು ಕಸಿದುಕೊಂಡಿತು. ಪ್ರಿ-ಡಿಗ್ರಿಗೇ ಓದು ನಿಂತಿತು. ಪ್ರಿ-ಡಿಗ್ರಿ ಅಂದ್ರೆ ನಮ್ಮ ಪಿ.ಯು.ಸಿ. ಇದ್ದ ಹಾಗೆ. (ಪಿ.ಯು.ಸಿ.ಯನ್ನು ನಡುವೆಯೇ ಬಿಟ್ಟ ನನ್ನಂಥವನಿಗೆ ಈ ಸಾಲು ಬರೆಯುವಾಗ ಪೆನ್ನು ಒಂದು ಕ್ಷಣ ನಿಲ್ಲುತ್ತೆ.)

ಸಿನಿಮಾದಲ್ಲಾದರೆ ಇಲ್ಲೊಂದು ಶೋಕಗೀತೆ ಇಡಬಹುದಿತ್ತು. ರಾಬಿಯಾ ಶೋಕಗೀತೆ ಹಾಡಲಿಲ್ಲ. 1990ರ ಜೂನ್‌ನಲ್ಲಿ, ತಾನು ಹೊರಗೆ ಹೋಗಲಾಗದಿದ್ದರೇನಂತೆ, ಊರೇ ತನ್ನ ಹತ್ತಿರ ಬರಲಿ ಅಂತ ಅಕ್ಷರ ತರಗತಿ ಶುರು ಮಾಡಿದರು. ಊರಿನ ಹೆಂಗಸರು ಬಂದರು, ಗಂಡಸರು ಬಂದರು, ಅಜ್ಜ ಅಜ್ಜಿಯರು ಬಂದರು. ಮೊಮ್ಮಕ್ಕಳ ವಯಸ್ಸಿನ ಹುಡುಗರ ಪಕ್ಕದಲ್ಲೇ ತಲೆ ನರೆತವರು ಸ್ಲೇಟು ಹಿಡಿದು ಕೂತರು. ನಡೆಯಲಾರದ ಹುಡುಗಿ ಊರನ್ನೇ ನಡೆಸತೊಡಗಿದಳು.

ಈಗ ಬರುತ್ತೆ ನೋಡಿ ಕ್ಲೈಮ್ಯಾಕ್ಸು. 1992ರಲ್ಲಿ ಜಿಲ್ಲಾ ಕಲೆಕ್ಟರು ಮತ್ತು ಅಧಿಕಾರಿಗಳ ತಂಡ ಈ ತರಗತಿ ನೋಡೋಕೆ ಬಂತು. ದೊಡ್ಡ ಸಾಹೇಬರು ಮನೆಗೆ ಬಂದಾಗ ಸಾಮಾನ್ಯವಾಗಿ ಏನಾಗುತ್ತೆ? ಅವರು ಹೊಗಳುತ್ತಾರೆ, ನಾವು ಕೈ ಮುಗಿಯುತ್ತೇವೆ, ಫೋಟೋ ತೆಗೀತಾರೆ, ಜೀಪು ಧೂಳೆಬ್ಬಿಸಿಕೊಂಡು ಹೋಗುತ್ತೆ. ರಾಬಿಯಾ ಹಾಗೆ ಬಿಡಲಿಲ್ಲ. ತನಗಾಗಿ ಏನೂ ಕೇಳಲಿಲ್ಲ. ಊರಿಗೆ ಕರೆಂಟಿಲ್ಲ, ನೀರಿನ ಸೌಕರ್ಯವಿಲ್ಲ, ಸರಿಯಾದ ರಸ್ತೆಯಿಲ್ಲ ಅಂತ ಊರಿನ ಕಷ್ಟ ಮುಂದಿಟ್ಟರು. ಅಧಿಕಾರಿಗಳು ತಡಮಾಡಲಿಲ್ಲ. ಕರೆಂಟಿನ ಲೈನು, ಟೆಲಿಫೋನು, ನೀರು ಎಲ್ಲಕ್ಕೂ ಮಂಜೂರಾತಿ ಸಿಕ್ಕಿತು. ಒಂದೂವರೆ ಕಿಲೋಮೀಟರಿಗೂ ಉದ್ದದ ರಸ್ತೆಯೂ ಬಂತು.

ಆ ರಸ್ತೆಗೆ ಏನು ಹೆಸರಿಟ್ಟರು ಗೊತ್ತೇ? 'ಅಕ್ಷರ ರಸ್ತೆ'!

ಓದುಗರೇ, ಸ್ವಲ್ಪ ಯೋಚನೆ ಮಾಡಿ. ಶಾಲು ಹೊದಿಸಿದ್ದರೆ ಒಬ್ಬಳಿಗೆ ಬೆಚ್ಚಗಾಗುತ್ತಿತ್ತು. ರಸ್ತೆ ಮಾಡಿದ್ದರಿಂದ ಊರಿಗೆಲ್ಲ ದಾರಿಯಾಯಿತು.

ಆಮೇಲೆ ಪ್ರಶಸ್ತಿಗಳು ಸಾಲುಗಟ್ಟಿದವು. ಕೇಂದ್ರ ಸರ್ಕಾರದ ರಾಷ್ಟ್ರೀಯ ಯುವ ಪ್ರಶಸ್ತಿ, ಕಣ್ಣಗಿಯ ಹೆಸರಿನ ಸ್ತ್ರೀಶಕ್ತಿ ಪುರಸ್ಕಾರ, ಕೊನೆಗೆ 2022ರಲ್ಲಿ ಪದ್ಮಶ್ರೀ. ನಡುವೆ ಕ್ಯಾನ್ಸರ್ ಬಂತು, ಬಿದ್ದು ಪೆಟ್ಟಾಗಿ ಹಾಸಿಗೆ ಹಿಡಿದದ್ದೂ ಆಯಿತು. ಆದರೂ ತಮ್ಮ 'ಚಲನಂ' ಸಂಸ್ಥೆಯ ಮೂಲಕ ಅಂಗವಿಕಲ ಮಕ್ಕಳಿಗೆ ಶಾಲೆ, ಹೆಂಗಸರಿಗೆ ಕೈಕೆಲಸ ಅಂತ ನಿಲ್ಲದೆ ಓಡಾಡಿದರು. ಹೌದು, ಓಡಾಡಿದರು ಅಂತಲೇ ಬರೆಯಬೇಕು. ಸಂಸ್ಥೆಯ ಹೆಸರು ನೋಡಿ: ಚಲನಂ. ನಮ್ಮ 'ಚಲನಚಿತ್ರ'ದಲ್ಲಿರುವ ಚಲನವೇ ಅದು. ಮಲಯಾಳಂ ನಿರ್ದೇಶಕ ಅಲಿ ಅಕ್ಬರ್ ಆಕೆಯ ಮೇಲೆ ಸಾಕ್ಷ್ಯಚಿತ್ರವನ್ನೂ ತೆಗೆದರು. ಅದರ ಹೆಸರು 'ರಾಬಿಯಾ ಚಲಿಸುತ್ತಾಳೆ' ಅನ್ನೋ ಅರ್ಥದ್ದು. 2025ರ ಮೇ ತಿಂಗಳಿನಲ್ಲಿ ರಾಬಿಯಾ ತೀರಿಕೊಂಡರು.

ಮೈಕು ಯಾರ ಕೈಗೆ?

ರಾಬಿಯಾ ತರಗತಿ ತೆರೆದ ಕಾಲಕ್ಕೆ ಇಡೀ ಕೇರಳದಲ್ಲಿ ಅಕ್ಷರದ ಗಾಳಿ ಬೀಸುತ್ತಿತ್ತು. ಮೊದಲು ಎದ್ದದ್ದು ಎರ್ನಾಕುಳಂ ಜಿಲ್ಲೆ. ಜಿಲ್ಲಾಡಳಿತ ಮತ್ತು ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಕೈಜೋಡಿಸಿದವು. ಸುಮಾರು ಇಪ್ಪತ್ತು ಸಾವಿರ ಸ್ವಯಂಸೇವಕರು, ಹೆಚ್ಚಿನವರು ಹುಡುಗ ಹುಡುಗಿಯರು, ಮನೆ ಮನೆಗೆ ಹೋದರು. ಇಲ್ಲೂ ಮುಂದೆ ಹೋದದ್ದು ಕಲೆಯೇ! ಹಾಡು, ಬೀದಿನಾಟಕಗಳ ಕಲಾಜಾಥಾಗಳು ಊರೂರು ಸುತ್ತಿದವು. ಜನರ ಮನಸ್ಸು ಬಿಸಿಯಾದ ಮೇಲೆ ಪುಸ್ತಕ ಬಂತು.

ಒಂದು ಸಣ್ಣ ಸಂಗತಿ ಹೇಳಲೇಬೇಕು. ತರಗತಿಗೆ ಬಂದ ಎಷ್ಟೋ ಮುದುಕರಿಗೆ ಅಕ್ಷರ ತಲೆಗೆ ಹತ್ತುತ್ತಿರಲಿಲ್ಲ. ದಡ್ಡತನ ಅಂದುಕೊಂಡರೆ ಅಲ್ಲ. ಕಣ್ಣೇ ಕಾಣುತ್ತಿರಲಿಲ್ಲ! ಆಗ ಕಣ್ಣಿನ ಪರೀಕ್ಷೆ ನಡೆಸಿ, ಜನರಿಂದಲೇ ಸಂಗ್ರಹಿಸಿ, ಸಾವಿರಾರು ಕನ್ನಡಕ ಹಂಚಿದರು. ದೊಡ್ಡವರಿಗೆ ಕಲಿಸೋದು ಅಂದ್ರೆ ಮಕ್ಕಳಿಗೆ ಕಲಿಸಿದ ಹಾಗಲ್ಲ. ಅವರ ಕಣ್ಣು, ಅವರ ಕೂಲಿ, ಅವರ ಸಂಕೋಚ, ಎಲ್ಲವನ್ನೂ ನೋಡಬೇಕಾಗುತ್ತೆ.

1990ರ ಫೆಬ್ರವರಿ 4ರಂದು ಆಗಿನ ಪ್ರಧಾನಿ ವಿ.ಪಿ. ಸಿಂಗ್ ಎರ್ನಾಕುಳಂ ಪೂರ್ಣ ಸಾಕ್ಷರ ಜಿಲ್ಲೆ ಅಂತ ಸಾರಿದರು. ಅದೇ ವರ್ಷ ಶಾಸ್ತ್ರ ಸಾಹಿತ್ಯ ಪರಿಷತ್ತಿಗೆ ಯುನೆಸ್ಕೋದ ಕಿಂಗ್ ಸೆಜೊಂಗ್ ಪ್ರಶಸ್ತಿ ಬಂತು. ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು. 1991ರ ಏಪ್ರಿಲ್ 18, ಕೋಳಿಕ್ಕೋಡಿನ ಮಾನಾಂಚಿರ ಮೈದಾನ. ಕೇರಳ ಪೂರ್ಣ ಸಾಕ್ಷರ ರಾಜ್ಯ ಅಂತ ಘೋಷಣೆಯಾಗಬೇಕು. (ಪೂರ್ಣ ಅಂದ್ರೆ ನೂರಕ್ಕೆ ನೂರು ಅಲ್ಲ. ನೂರಕ್ಕೆ ತೊಂಬತ್ತು ದಾಟಿದರೆ ಪೂರ್ಣ ಅಂತ ಲೆಕ್ಕ.)

ಇಂಥ ಘೋಷಣೆಯನ್ನು ಯಾರು ಮಾಡಬೇಕು? ಮಂತ್ರಿಗಳಿಗೆ ಬರವಿರಲಿಲ್ಲ. ಆದರೆ ಮೈಕು ಹೋದದ್ದು ಚೇಲಕ್ಕೋಡನ್ ಆಯಿಷಾ ಕೈಗೆ.

ಯಾರೀ ಆಯಿಷಾ? ತಾರೆಯಲ್ಲ, ನಾಯಕಿಯಲ್ಲ. ಮಲಪ್ಪುರಂ ಜಿಲ್ಲೆಯ ಕಾವನೂರಿನ ಸಾಮಾನ್ಯ ಹೆಂಗಸು. ಅರವತ್ತರ ಆಸುಪಾಸಿನಲ್ಲಿ ಸಾಕ್ಷರತಾ ತರಗತಿಗೆ ಹೋಗಿ ಅಕ್ಷರ ಕಲಿತಾಕೆ. ತಲೆಯ ಮೇಲೆ ಸೆರಗು ಹೊದ್ದು ವೇದಿಕೆ ಹತ್ತಿದ ಆಕೆ, ತಾನು ಕಲಿತ ಅಕ್ಷರಗಳಲ್ಲೇ ಬರೆದಿದ್ದ ಘೋಷಣೆಯನ್ನು ತುಂಬಿದ ಮೈದಾನದ ಮುಂದೆ ಓದಿದರು. ಸಾವಿರಾರು ಮಂದಿ ಕಲಿಸಿದವರಿಗೆ ಒಟ್ಟಿಗೆ ಸಂದ ಸನ್ಮಾನ ಅದು. ಒಬ್ಬೊಬ್ಬರಿಗೂ ಹಾರ ಹಾಕಿದ್ದರೂ ಆ ಸಂತೋಷ ಸಿಗುತ್ತಿರಲಿಲ್ಲ. ಮೇಷ್ಟ್ರಿಗೆ ತನ್ನ ಶಿಷ್ಯ ತಡವರಿಸದೆ ಓದಿದರೆ ಆಗುವ ಹೆಮ್ಮೆಯೇ ಬೇರೆ.

ಆಯಿಷಾ ಅಲ್ಲಿಗೇ ನಿಲ್ಲಲಿಲ್ಲ. ಮುಂದೆಯೂ ಓದಿದರು, ಸಾಕ್ಷರತೆಯ ಕೆಲಸದಲ್ಲಿ ತೊಡಗಿದರು. 2013ರಲ್ಲಿ ತೀರಿಕೊಂಡರು.

ನೂರಕ್ಕೆ ತೊಂಬತ್ತೆಂಟು!

ಆಯಿಷಾ ನೆಟ್ಟ ಗಿಡ ಇಪ್ಪತ್ತೇಳು ವರ್ಷದ ಮೇಲೂ ಹೂ ಬಿಟ್ಟಿತು. 2018ರಲ್ಲಿ ಕೇರಳದ ಸಾಕ್ಷರತಾ ಮಿಷನ್ 'ಅಕ್ಷರಲಕ್ಷಂ' ಪರೀಕ್ಷೆ ನಡೆಸಿತು. ಪಾಸಾದವರು ನಲವತ್ತು ಸಾವಿರಕ್ಕೂ ಮೇಲೆ. ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ತೆಗೆದವರು ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ. ವಯಸ್ಸು ಎಷ್ಟು ಗೊತ್ತೇ? 96!

ಬಾಲ್ಯದಲ್ಲಿ ಬಡತನ, ಶಾಲೆಯ ಮುಖ ಕಂಡಿಲ್ಲ. ದೇವಸ್ಥಾನಗಳಲ್ಲಿ, ಮನೆಗಳಲ್ಲಿ ಕಸ ಗುಡಿಸಿ ಮಕ್ಕಳನ್ನು ಸಾಕಿದಾಕೆ. ಓದೋದರಲ್ಲಿ ಪೂರ್ತಿ ಮಾರ್ಕ್ಸು, ಲೆಕ್ಕದಲ್ಲಿ ಪೂರ್ತಿ ಮಾರ್ಕ್ಸು, ಬರೆಯೋದರಲ್ಲಿ ಮಾತ್ರ ಎರಡು ಹೋಯಿತು. ನೂರಕ್ಕೆ 98! ಪರೀಕ್ಷೆ ಬರೆಯುವ ಅಜ್ಜಿಯ ಫೋಟೋ ದೇಶದ ಪೇಪರುಗಳಲ್ಲೆಲ್ಲ ಬಂತು. ಇನ್ನು ಕಂಪ್ಯೂಟರ್ ಕಲಿಯಬೇಕು ಅಂದರು ಅಜ್ಜಿ. ಆಗಿನ ಶಿಕ್ಷಣ ಮಂತ್ರಿಗಳು ಮನೆಗೆ ಬಂದು ಲ್ಯಾಪ್‌ಟಾಪ್ ಕೊಟ್ಟರು. ಇದೂ ಒಂದು ಸರಿಯಾದ ಸನ್ಮಾನ. ಶಾಲು ಹೊದ್ದು ಮೂಲೆಗೆ ಕೂರಿ ಅನ್ನಲಿಲ್ಲ, ಇನ್ನೂ ಕಲಿಯಿರಿ ಅಂದರು.

2020ರ ಮಾರ್ಚ್ 8ರಂದು ರಾಷ್ಟ್ರಪತಿಗಳಿಂದ ನಾರಿಶಕ್ತಿ ಪುರಸ್ಕಾರ. ಅದೇ ಪಟ್ಟಿಯಲ್ಲಿ ಕೊಲ್ಲಂ ಜಿಲ್ಲೆಯ ಭಾಗೀರಥಿ ಅಮ್ಮ. ಅವರು ನಾಲ್ಕನೇ ಕ್ಲಾಸಿನ ಸಮಾನ ಪರೀಕ್ಷೆಗೆ ಕೂತಾಗ ವಯಸ್ಸು 105! ಸಿನಿಮಾದವರೂ ಸುಮ್ಮನಿರಲಿಲ್ಲ. ಅಡುಗೆಯಲ್ಲಿ ಜಗತ್ಪ್ರಸಿದ್ಧರಾದ ವಿಕಾಸ್ ಖನ್ನಾ ಕಾರ್ತ್ಯಾಯಿನಿ ಅಮ್ಮನ ಬದುಕಿನ ಮೇಲೆ 'ಬೇರ್‌ಫುಟ್ ಎಂಪ್ರೆಸ್' ಅನ್ನುವ ಪುಟ್ಟ ಸಾಕ್ಷ್ಯಚಿತ್ರ ಮಾಡಿದರು. ಬರಿಗಾಲ ಮಹಾರಾಣಿ ಅಂತ ಅರ್ಥ. 2023ರ ಗಣರಾಜ್ಯೋತ್ಸವಕ್ಕೆ ದೆಹಲಿಯಲ್ಲಿ ಹೊರಟ ಕೇರಳದ ಸ್ತಬ್ಧಚಿತ್ರದಲ್ಲೂ ಆಕೆಯದೇ ಪ್ರತಿಮೆ. ಅದೇ ವರ್ಷ ಅಕ್ಟೋಬರಿನಲ್ಲಿ, 101ನೇ ವಯಸ್ಸಿನಲ್ಲಿ, ಬರಿಗಾಲ ಮಹಾರಾಣಿ ಹೊರಟುಹೋದರು.

'ಗೌರವಧನ' ಅನ್ನೋ ಮಾತು

ಇಲ್ಲಿಗೆ 'ಶುಭಂ' ಅಂತ ಹಾಕಿ ಪರದೆ ಎಳೆದುಬಿಡಬಹುದಿತ್ತು. ಆದರೆ ಕಥೆಯ ಇನ್ನೊಂದು ರೀಲು ಡಬ್ಬದಲ್ಲೇ ಉಳಿದಿದೆ. ಅದನ್ನೂ ಓಡಿಸೋಣ.

96ರ ಅಜ್ಜಿಗೆ ಅಕ್ಷರ ಕಲಿಸಿದವರು ಯಾರು? ಇಂಥ ಕೆಲಸಕ್ಕೆ ಪಂಚಾಯತಿ ಪಂಚಾಯತಿಗೂ 'ಪ್ರೇರಕರು' ಅಂತ ಇರುತ್ತಾರೆ. ಹೆಚ್ಚಿನವರು ಹೆಂಗಸರು. ಮನೆ ಮನೆ ತಿರುಗಿ, 'ಈ ವಯಸ್ಸಲ್ಲಿ ನನಗ್ಯಾಕಮ್ಮ ಓದು' ಅನ್ನುವವರನ್ನು ಪುಸಲಾಯಿಸಿ, ಪುಸ್ತಕ ಕೊಟ್ಟು, ಪಾಠ ಹೇಳಿ, ಪರೀಕ್ಷೆಗೆ ಕೂರಿಸುವವರು. ಇವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ. ಹೆಸರು ಎಷ್ಟು ಚೆಂದ! ಗೌರವಕ್ಕೆ ಗೌರವ, ಧನಕ್ಕೆ ಧನ.

ಆದರೆ 2022ರ ಕೊನೆಯಿಂದ 2023ರ ಮೊದಲ ತಿಂಗಳುಗಳವರೆಗೆ ಅದೇ ಕೇರಳದ ಪ್ರೇರಕರು ತಿರುವನಂತಪುರದ ಸಚಿವಾಲಯದ ಮುಂದೆ ದಿನಗಟ್ಟಲೆ ಧರಣಿ ಕೂತರು. ಯಾಕೆ? ಗೌರವಧನ ತಿಂಗಳುಗಟ್ಟಲೆ ಬಂದಿರಲಿಲ್ಲ! ಲೆಕ್ಕ ಹಾಕಿ ನೋಡಿ. ದೆಹಲಿಯ ರಾಜಪಥದಲ್ಲಿ, ಈಗಿನ ಕರ್ತವ್ಯಪಥದಲ್ಲಿ, ಶಿಷ್ಯೆಯ ಪ್ರತಿಮೆ ಮೆರವಣಿಗೆ ಹೊರಟ ದಿನಗಳಲ್ಲೇ ಗುರುಗಳ ಗುಂಪು ಬೀದಿಯಲ್ಲಿ ಕೂತಿತ್ತು. ದೇಶಕ್ಕೇ ಮಾದರಿಯಾದ ರಾಜ್ಯದ ಗತಿ ಇದು.

ಕೇರಳದವರನ್ನು ಮಾತ್ರ ಬೈಯೋದು ನ್ಯಾಯವಲ್ಲ. 2009ರ ಸೆಪ್ಟೆಂಬರ್ 8ರಂದು ಕೇಂದ್ರ ಸರ್ಕಾರ 'ಸಾಕ್ಷರ ಭಾರತ' ಅನ್ನೋ ಯೋಜನೆ ಶುರು ಮಾಡಿತು. ಪಂಚಾಯತಿಗೊಂದು ಲೋಕ ಶಿಕ್ಷಣ ಕೇಂದ್ರ, ಕೇಂದ್ರಕ್ಕೆ ಇಬ್ಬರು ಪ್ರೇರಕರು. ತಿಂಗಳ ಗೌರವಧನ ಎರಡು ಸಾವಿರ ರೂಪಾಯಿ. ಅಂದ್ರೆ ದಿನಕ್ಕೆ ಸುಮಾರು ಅರವತ್ತೇಳು ರೂಪಾಯಿ! ಸ್ಲೇಟು ಹಿಡಿಸಿ ಕಲಿಸುವ ಸ್ವಯಂಸೇವಕರಿಗಂತೂ ಅದೂ ಇಲ್ಲ. 2018ರ ಮಾರ್ಚ್ 31ಕ್ಕೆ ಯೋಜನೆಯೇ ಮುಗಿಯಿತು. ಯೋಜನೆಗೆ ದುಡಿದ ಪ್ರೇರಕರ ಮನೆಯ ಒಲೆ ಮಾತ್ರ ಏಪ್ರಿಲ್ 1ಕ್ಕೂ ಉರಿಯಬೇಕಿತ್ತಲ್ಲ!

ಸನ್ಮಾನ ಸಮಾರಂಭಕ್ಕೆ ಶಾಮಿಯಾನ, ಮೈಕು, ಹೂವು, ಊಟ ಅಂತ ಆಗುವ ಖರ್ಚು ನಿಮಗೆ ಗೊತ್ತಿದೆ. ಅದರಲ್ಲಿ ಎಷ್ಟು ತಿಂಗಳ ಗೌರವಧನ ಕೊಡಬಹುದು? ಲೆಕ್ಕ ನಿಮಗೇ ಬಿಟ್ಟಿದ್ದು.

ನಮ್ಮ ಮನೆಯ ದೀಪ

ಹಾಗಂತ ಕನ್ನಡನಾಡು ಹಿಂದೆ ಬಿದ್ದದ್ದಲ್ಲ. ಕೇರಳಕ್ಕಿಂತ ಐವತ್ತು ವರ್ಷ ಮುಂಚೆಯೇ, 1940ರ ದಶಕದಲ್ಲಿ, ಮೈಸೂರಿನಲ್ಲಿ ಇದಕ್ಕಾಗಿ ಒಂದು ಸಂಸ್ಥೆ ಎದ್ದು ನಿಂತಿತ್ತು. ವಯಸ್ಕರ ಶಿಕ್ಷಣ ಸಮಿತಿ ಅಂತ ಹಳಬರೆಲ್ಲ ಬಲ್ಲ ಸಂಸ್ಥೆ ಅದೇ. ರಾತ್ರಿ ತರಗತಿ ನಡೆಸಿತು. ಹೊಸದಾಗಿ ಓದು ಕಲಿತವರಿಗಾಗಿ 'ಬೆಳಕು' ಪತ್ರಿಕೆ ತಂದಿತು. ನಂಜನಗೂಡಿನಲ್ಲಿ ಹಳ್ಳಿಯ ಯುವಕರಿಗೆ ವಿದ್ಯಾಪೀಠ ತೆರೆಯಿತು. ಓದು ಕಲಿಸಿದರೆ ಸಾಲದು, ಕಲಿತವನ ಕೈಗೆ ಓದೋಕೆ ಏನಾದರೂ ಕೊಡಬೇಕು ಅಂತ ಆಗಲೇ ಅವರಿಗೆ ಹೊಳೆದಿತ್ತು. ಇಲ್ಲದಿದ್ದರೆ ಕಲಿತ ಅಕ್ಷರ ಆರು ತಿಂಗಳಲ್ಲಿ ಮರೆತುಹೋಗುತ್ತೆ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಇಂಥ ಪತ್ರಿಕೆಗಳನ್ನು ಬುದ್ಧಿವಂತರು ಮೂಗು ಮುರಿದು ನೋಡುತ್ತಾರೆ ಬಿಡಿ. ತನ್ನ ಮೆಚ್ಚಿನ ನಟನ ಸುದ್ದಿಗಾಗಿ ಒಂದೊಂದೇ ಅಕ್ಷರ ಕೂಡಿಸಿ ಓದಿ ಓದಿಯೇ ಓದು ಗಟ್ಟಿಯಾದ ಎಷ್ಟೋ ಅಭಿಮಾನಿಗಳು ನಮ್ಮಲ್ಲಿದ್ದಾರೆ.

ನಮ್ಮ ಅಣ್ಣಾವ್ರನ್ನೇ ತಗೊಳ್ಳಿ. ಗಾಜನೂರಿನ ಮುತ್ತುರಾಜ್ ಪ್ರಾಥಮಿಕ ಶಾಲೆಯನ್ನೂ ಮುಗಿಸಿದವರಲ್ಲ. ಅವರ ಶಾಲೆ ನಾಟಕ ಕಂಪನಿ. ಮಾತು ಬಾಯಿಪಾಠ, ಹಾಡು ಬಾಯಿಪಾಠ, ಹಿರಿಯ ನಟರೇ ಮೇಷ್ಟ್ರುಗಳು. ಆ ಶಾಲೆಯಲ್ಲಿ ತಿದ್ದಿದ ನಾಲಿಗೆಯಿಂದ ಬಂದ ಕನ್ನಡವನ್ನು ಕೇಳಿ ಪಂಡಿತರೂ ತಲೆದೂಗಿದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ಕೊಟ್ಟಿತು. 'ಕವಿರತ್ನ ಕಾಳಿದಾಸ'ದಲ್ಲಿ ಅಕ್ಷರ ಕೊಟ್ಟವಳು ಕಾಳಿ. ಮುತ್ತುರಾಜನಿಗೆ ಅದನ್ನು ಕೊಟ್ಟದ್ದು ವರ್ಷಾನುಗಟ್ಟಲೆಯ ದುಡಿಮೆ, ಪಕ್ಕದಲ್ಲಿ ನಿಂತು ತಿದ್ದಿದ ಮನುಷ್ಯರು. ಅವರಲ್ಲಿ ಎಷ್ಟು ಜನರ ಹೆಸರು ನಮಗೆ ಗೊತ್ತು?

2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ನೂರಕ್ಕೆ ಸುಮಾರು 75. ಕೇರಳದ್ದು 94. ಆ ಲೆಕ್ಕದ ಪ್ರಕಾರ ಏಳು ವರ್ಷ ದಾಟಿದ ನಾಲ್ವರಲ್ಲಿ ಒಬ್ಬರಿಗೆ ನಮ್ಮಲ್ಲಿ ಓದು ಬರಹ ಬರುತ್ತಿರಲಿಲ್ಲ. ಅಂದ್ರೆ ನಾಲ್ಕು ಜನ ಸೇರಿ ಸಿನಿಮಾಕ್ಕೆ ಹೋದರೆ ಒಬ್ಬರಿಗೆ ಟಿಕೆಟ್ಟಿನ ಮೇಲಿನ ಸೀಟು ನಂಬರು ಇನ್ನೊಬ್ಬರು ತೋರಿಸಬೇಕು. 2025ರಲ್ಲಿ ಮಿಜೋರಾಂ, ಗೋವಾ, ತ್ರಿಪುರಾ ಒಂದರ ಹಿಂದೊಂದು ಪೂರ್ಣ ಸಾಕ್ಷರ ಅಂತ ಸಾರಿಕೊಂಡವು. ಕನ್ನಡನಾಡಿನ ಸರದಿ ಯಾವಾಗ?

ಅಭಿಮಾನಿ ಸಂಘಗಳಿಗೆ ಒಂದು ಮಾತು

ಚಿತ್ರಪತ್ರಿಕೆಯಲ್ಲಿ ಬರೆಯುವಾಗ ಅಭಿಮಾನಿಗಳ ಹತ್ತಿರ ಕೇಳೋದು ನನ್ನ ಹಕ್ಕು ಅಂದುಕೊಂಡಿದ್ದೇನೆ. ಕಟೌಟು ನಿಲ್ಲಿಸೋದು, ಹಾಲಿನ ಅಭಿಷೇಕ ಮಾಡೋದು, ಅನ್ನದಾನ, ರಕ್ತದಾನ, ನೇತ್ರದಾನ ನಿಮಗೆ ಹೇಳಿಕೊಡಬೇಕಾಗಿಲ್ಲ. ನಿಮ್ಮ ಕೈಲಿ ಆಗದ ಕೆಲಸವಿಲ್ಲ. ಸೆಪ್ಟೆಂಬರ್ 8 ವಿಶ್ವ ಸಾಕ್ಷರತಾ ದಿನ. ಆವತ್ತು ನಿಮ್ಮೂರಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುವ ಒಬ್ಬ ಮೇಷ್ಟ್ರನ್ನೋ ಅಮ್ಮನನ್ನೋ ಹುಡುಕಿ. ಸನ್ಮಾನ ಮಾಡಿ, ಬೇಡ ಅನ್ನೋದಿಲ್ಲ. ಆದರೆ ಶಾಲು ಹೊದಿಸುವ ಮುಂಚೆ ಒಂದು ಮಾತು ಕೇಳಿ: 'ನಿಮ್ಮ ತರಗತಿಗೆ ಏನು ಬೇಕು?'

ಟ್ಯೂಬ್‌ಲೈಟು ಬೇಕು ಅನ್ನಬಹುದು. ಇಪ್ಪತ್ತು ಕನ್ನಡಕ ಬೇಕು ಅನ್ನಬಹುದು. ನಿಂತುಹೋದ ಗೌರವಧನಕ್ಕೆ ತಾಲ್ಲೂಕು ಆಫೀಸಿಗೆ ನಾಲ್ಕು ಜನ ಜೊತೆಗೆ ಬನ್ನಿ ಅನ್ನಬಹುದು. ಅದನ್ನು ಮಾಡಿಕೊಡಿ. ಆಮೇಲೆ ವೇದಿಕೆಯಲ್ಲಿ ಮೈಕನ್ನು ಸ್ವಾಗತ ಭಾಷಣದವರ ಕೈಗೆ ಕೊಡಬೇಡಿ. ಹೊಸದಾಗಿ ಓದು ಕಲಿತ ಯಾವುದಾದರೂ ಅಜ್ಜಿಯ ಕೈಗೆ ಕೊಡಿ. ಕಾರ್ಯಕ್ರಮದ ಆಹ್ವಾನ ಪತ್ರಿಕೆಯನ್ನೇ ಆಕೆ ಓದಲಿ. ತಡವರಿಸಿದರೂ ಪರವಾಗಿಲ್ಲ, ಕಾಯಿರಿ. ಹೀರೋ ಎಂಟ್ರಿಗೆ ಹೊಡೆಯುವ ಶಿಳ್ಳೆಯನ್ನು ಆವತ್ತು ಆಕೆಗೆ ಹೊಡೆಯಿರಿ.

ವೆಳ್ಳಿಲಕ್ಕಾಡಿನಲ್ಲಿ ಒಂದು ಅಕ್ಷರ ರಸ್ತೆ ಇದೆ. ನಿಮ್ಮೂರಿನಲ್ಲಿ ಏನಿರುತ್ತೆ?